ಅಪ್ಪನ ಹೆಸರು ಇಷ್ಟುದ್ದ, ಅವ್ವನ ಹೆಸರೇ ಇಲ್ಲ

ಹೋದ ವರ್ಷ ಅಕ್ಕನ ಮಗನ ಮನೆಗೆ ಅಂತ ಆಸ್ಟ್ರೇಲಿಯಾದ ವಿಕ್ಟೋರಿಯಾಕ್ಕೆ ಹೋಗಿದ್ದೆ. ಒಂದು ಭಾನುವಾರ "ಬಾ ಮಾಮ, ಇಲ್ಲಿನ ಜಾತ್ರೆ ತೋರಿಸ್ತೀನಿ" ಅಂತ ಹಳ್ಳಿ ಕಡೆಯ ಒಂದು ಕೃಷಿ ಮೇಳಕ್ಕೆ ಕರೆದುಕೊಂಡು ಹೋದ. ಅಲ್ಲೇ ನಾನು ಮೊದಲ ಸಲ ಕ್ಲೈಡ್ಸ್‌ಡೇಲ್ ಅನ್ನೋ, ಭಾರ ಎಳೆಯುವ ಸ್ಕಾಟ್ಲೆಂಡ್ ತಳಿಯ ಗಂಡು ಕುದುರೆ ನೋಡಿದ್ದು. ನಾನು ಮಂಡ್ಯ ಕಡೆಯವನು, ಹಳ್ಳಿಕಾರ್ ಹೋರಿಗಳ ನಡುವೆ ಬೆಳೆದವನು, ದೊಡ್ಡ ಪ್ರಾಣಿ ಕಂಡು ಬೆದರುವ ಪೈಕಿ ಅಲ್ಲ. ಆದರೂ ಎರಡು ಹೆಜ್ಜೆ ಹಿಂದೆ ಸರಿದೆ. ಅದರ ಹೆಗಲೇ ನನ್ನ ನೆತ್ತಿಗಿಂತ ಮೇಲಿತ್ತು. ಕುದುರೆ ಎತ್ತರವನ್ನು ಅವರು ಅಂಗೈ ಲೆಕ್ಕದಲ್ಲಿ ಹೇಳುತ್ತಾರೆ, ಒಂದು ಅಂಗೈ ಅಂದರೆ 4 ಇಂಚು. ಇದು 17 ಅಂಗೈ.

ಕುದುರೆಯ ಯಜಮಾನ ಎಪ್ಪತ್ತು ದಾಟಿದ ಮನುಷ್ಯ. ನಾನು ಬಗ್ಗಿ ಗೊರಸು ನೋಡುತ್ತಿದ್ದದ್ದು ಕಂಡು ಅವನಿಗೆ ಖುಷಿ ಆಯಿತು ಅನಿಸುತ್ತೆ, ಎಲ್ಲರೂ ಮುಖದ ಜೊತೆ ಸೆಲ್ಫಿ ತಗೊಳ್ಳುತ್ತಿದ್ದರಲ್ಲ. ಮುಂಗಾಲು ಎತ್ತಿ ತೋರಿಸಿದ. ಮೊಣಕಾಲಿನ ಕೆಳಗಿಂದ ಗೊರಸಿನವರೆಗೆ ರೇಷ್ಮೆಯಂಥ ಬಿಳಿ ಕೂದಲು ಇಳಿಬಿದ್ದಿದೆ, ಅದನ್ನು ಸರಿಸಿದರೆ ಒಳಗೆ ನಮ್ಮ ಮನೆ ರೊಟ್ಟಿ ಹೆಂಚಿನಷ್ಟು ಅಗಲದ ಗೊರಸು. ಹಳೇ ಲಾಳ ಒಂದನ್ನು ಕೈಗೆ ಕೊಟ್ಟ. ನಮ್ಮ ಜಟಕಾ ಕುದುರೆಯ ನಾಲ್ಕು ಲಾಳ ಸೇರಿಸಿದರೂ ಅಷ್ಟು ಭಾರ ಆಗುತ್ತಿರಲಿಲ್ಲ. ಗೊರಸು ಸರಿ ಇಲ್ಲ ಅಂದರೆ ಕುದುರೆಯೇ ಇಲ್ಲ ಅಂದುಕೋ, ಅಂದ. ನಮ್ಮ ತಾತ ಎತ್ತು ಕೊಳ್ಳುವಾಗ ಸುಳಿ ನೋಡುವ ಮೊದಲು ಗೊರಸು ನೋಡುತ್ತಿದ್ದ. ಅಲ್ಲಿಗೆ ನಾವಿಬ್ಬರೂ ಫ್ರೆಂಡ್ಸ್ ಆದೆವು.

ಅವನ ಹತ್ತಿರ ಒಂದು ಹಳೇ ಕಾರ್ಡು ಇತ್ತು, ಗಾಜು ಹಾಕಿಸಿ ಇಟ್ಟುಕೊಂಡಿದ್ದ. ನಾನು ಇವತ್ತು ಬರೆಯಲು ಕೂತಿದ್ದು ಆ ಕಾರ್ಡಿನ ಬಗ್ಗೆ. ಆಗೆಲ್ಲ ಬೀಜದ ಕುದುರೆಯನ್ನು ಊರಿಂದ ಊರಿಗೆ ನಡೆಸಿಕೊಂಡು ಹೋಗುತ್ತಿದ್ದರಂತೆ. ಸೋಮವಾರ ಈ ಊರು, ಮಂಗಳವಾರ ಆ ಊರು, ವಾರ ಮುಗಿದ ಮೇಲೆ ಮತ್ತೆ ಮೊದಲ ಊರು. ಅಲ್ಲಿ ವಸಂತ ಅಂದರೆ ಸೆಪ್ಟೆಂಬರ್‌ನಿಂದ, ಆಗ ಶುರುವಾದರೆ ಬೇಸಿಗೆ ಬರುವವರೆಗೆ ಇದೇ ತಿರುಗಾಟ. ಕಾರ್ಡಿನಲ್ಲಿ ದಾರಿ, ದಿನ, ಫೀಸು, ಸಾಯೀಸನಿಗೆ ಬೇರೆ ಕೊಡಬೇಕಾದ ಚಿಲ್ಲರೆ, ಎಲ್ಲ ಅಚ್ಚು ಹಾಕಿಸಿದ್ದಾರೆ. ಕೊನೆಯಲ್ಲಿ "ಎಲ್ಲ ಎಚ್ಚರಿಕೆ ವಹಿಸುತ್ತೇವೆ, ಆದರೆ ಜವಾಬ್ದಾರಿ ನಮ್ಮದಲ್ಲ" ಅನ್ನೋ ಅರ್ಥದ ಒಂದು ಸಾಲು. ನಮ್ಮ ಕಲ್ಯಾಣ ಮಂಟಪಗಳ ಪಾರ್ಕಿಂಗ್ ಬೋರ್ಡು ನೆನಪಾಗಿ ನಗು ಬಂತು.

ನಮ್ಮೂರಲ್ಲೂ ಇದು ಹೊಸದೇನಲ್ಲ. ನಾನು ಚಿಕ್ಕವನಿದ್ದಾಗ ಬೀಜದ ಹೋರಿ ಹೊಡಕೊಂಡು ಬರುವವರು ಇದ್ದರು. ಅರಳಿಕಟ್ಟೆ ಹತ್ತಿರ ಕಟ್ಟುತ್ತಿದ್ದರು, ಬೆದೆಗೆ ಬಂದ ಹಸು ಇರುವವರು ಅಲ್ಲಿಗೇ ಹೊಡಕೊಂಡು ಹೋಗುತ್ತಿದ್ದರು. ಹೋರಿಯವನಿಗೆ ಊಟ, ಹೋರಿಗೆ ಹುರುಳಿ. ಕಾರ್ಡು ಮಾತ್ರ ಇರಲಿಲ್ಲ, ಎಲ್ಲ ಬಾಯಲ್ಲೇ.

ಆ ಕಾರ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜಾಗ ತಿಂದಿದ್ದು ವಂಶಾವಳಿ. ಅಪ್ಪ ಇಂಥವನು, ಅವನ ನಂಬರು ಇಷ್ಟು, ಅವನ ಅಪ್ಪ ಇಂಥವನು, ಅವನಿಗೆ ಸ್ಕಾಟ್ಲೆಂಡಿನಲ್ಲಿ ಬಂದ ಬಹುಮಾನ ಇವು. ಸರಿ, ತಾಯಿ? "ಇಂಥ ಗಂಡು ಕುದುರೆಯ ಮಗಳು." ಅಜ್ಜಿ? "ಇಂಥವನ ಮಗಳು." ಮುತ್ತಜ್ಜಿ? ಮತ್ತೆ ಯಾವನದೋ ಮಗಳು. ಮೂರು ತಲೆಮಾರು ಹೆಣ್ಣು ಕುದುರೆಗಳು, ಒಂದಕ್ಕೂ ಸ್ವಂತ ಹೆಸರಿಲ್ಲ. ನಾನು ಎರಡು ಸಲ ಓದಿದೆ. ಇದು ಅದೊಂದೇ ಕಾರ್ಡಿನ ಕಥೆಯಲ್ಲ, ಆ ಕಾಲದ ವಸಾಹತು ಪೆಡಿಗ್ರಿಗಳಲ್ಲಿ ಇದು ಮಾಮೂಲು ಶೈಲಿ.

ಊರಿಗೆ ಬಂದ ಮೇಲೂ ಇದು ತಲೆಯಿಂದ ಹೋಗಲಿಲ್ಲ, ಸಿಕ್ಕಿದ್ದೆಲ್ಲ ಓದಿದೆ. ಕ್ಲೈಡ್ಸ್‌ಡೇಲ್ ಅನ್ನೋದು ಸ್ಕಾಟ್ಲೆಂಡಿನ ಲ್ಯಾನಾರ್ಕ್‌ಷೈರಿನ ಹಳೇ ಹೆಸರು, ಕ್ಲೈಡ್ ನದಿಯ ಸೀಮೆ. 18ನೇ ಶತಮಾನದಲ್ಲಿ ಫ್ಲ್ಯಾಂಡರ್ಸ್ (ಈಗಿನ ಬೆಲ್ಜಿಯಂ ಸೀಮೆ) ಕಡೆಯಿಂದ ತಂದ ಗಂಡು ಕುದುರೆಗಳನ್ನು ಅಲ್ಲಿನ ನಾಟಿ ಹೆಣ್ಣು ಕುದುರೆಗಳಿಗೆ ಕೊಡಿಸಿದರು, ಅದರಿಂದ ಈ ತಳಿ ಬಂತು. ಅಂದರೆ ಶುರುವೇ ಬೆರಕೆ. ಇಂಗ್ಲೆಂಡಿನ ಶೈರ್ ಕುದುರೆ ಇದರ ದಾಯಾದಿ ಇದ್ದ ಹಾಗೆ, ಗಡಿಯ ಆಚೆ ಈಚೆ ಕೊಡುಕೊಳ್ಳುವುದು ನಡೆದೇ ಇತ್ತು. ಆಮೇಲೆ 1877ರಲ್ಲಿ ಕ್ಲೈಡ್ಸ್‌ಡೇಲ್ ಸೊಸೈಟಿ ಹುಟ್ಟಿತು, ಮಾರನೇ ವರ್ಷ ಇಂಗ್ಲೆಂಡಿನವರೂ ತಮ್ಮದೊಂದು ಮಾಡಿಕೊಂಡರು. ಎರಡೂ ಕಡೆ ತಳಿಯ ಕುದುರೆಗಳನ್ನು ದಾಖಲು ಮಾಡುವ ಪುಸ್ತಕ ಬಂತು, ಒಂದೊಂದಕ್ಕೂ ನಂಬರ್ ಬಂತು. ನಿನ್ನೆವರೆಗೂ ನೆಂಟರಾಗಿದ್ದವರು ಇವತ್ತು "ಅವರದು ಬೇರೆ ಜಾತಿ" ಅಂದರು. ನಮಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ ಬಿಡಿ.

ತಮಾಷೆ ಏನು ಅಂದರೆ, ಆ ಪುಸ್ತಕದ ಹೀರೋನೇ ಬೆರಕೆ. 1866ರಲ್ಲಿ ಹುಟ್ಟಿದ ಪ್ರಿನ್ಸ್ ಆಫ್ ವೇಲ್ಸ್ ಅನ್ನೋ ಗಂಡು ಕುದುರೆ, ಪುಸ್ತಕದಲ್ಲಿ ಅದರ ನಂಬರ್ 673. ಅದರ ಅಜ್ಜಿಯರು ಇಂಗ್ಲಿಷ್ ಮೂಲದವರು ಅನ್ನೋ ಮಾತು ಆಗಲೇ ಎಲ್ಲರ ಬಾಯಲ್ಲಿತ್ತು. ಅದರ ಯಜಮಾನ ಮೆರಿಟನ್‌ನ ಲಾರೆನ್ಸ್ ಡ್ರೂ ಅದನ್ನು ಮುಚ್ಚಿಡುವುದು ಹಾಗಿರಲಿ, ತಾನೇ ಇಂಗ್ಲೆಂಡಿಗೆ ಹೋಗಿ ಶೈರ್ ಹೆಣ್ಣು ಕುದುರೆಗಳನ್ನು ಕೊಂಡು ತಂದು ಇದಕ್ಕೆ ಕೊಡಿಸುತ್ತಿದ್ದ. ಎರಡೂ ಒಂದೇ ಬುಡದ ಕೊಂಬೆಗಳು ಅನ್ನೋದು ಅವನ ವಾದ. ಸೊಸೈಟಿ ಜೊತೆ ಆಗಿಬರಲಿಲ್ಲ. 1883ರಲ್ಲಿ ಡ್ರೂ ಮತ್ತು ಡೇವಿಡ್ ರಿಡೆಲ್ ಅನ್ನೋ ಇನ್ನೊಬ್ಬ ಕುದುರೆ ಸಾಕುವವನು ಸೇರಿ ಬೇರೆಯದೇ ಸೊಸೈಟಿ ಕಟ್ಟಿದರು. ಆದರೆ ಇದೇ ಪ್ರಿನ್ಸ್ ಆಫ್ ವೇಲ್ಸ್ ಮತ್ತು ರಿಡೆಲ್‌ನ ಡಾರ್ನ್‌ಲಿ, ಈ ಎರಡು ಕುದುರೆಗಳ ರಕ್ತ ಬೆರೆತೇ ಮುಂದಿನ ಕ್ಲೈಡ್ಸ್‌ಡೇಲ್ ಆಗಿದ್ದು. ಬೈದವರೂ ಅದರ ಮಕ್ಕಳನ್ನೇ ಸಾಕಿದರು!

ಈಗ ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ಬನ್ನಿ. ಮೊದಮೊದಲು ಅಲ್ಲಿ ಭಾರ ಎಳೆಯುತ್ತಿದ್ದದ್ದು ಜಾಸ್ತಿ ಎತ್ತುಗಳೇ. 1851ರಲ್ಲಿ ವಿಕ್ಟೋರಿಯಾದಲ್ಲಿ ಚಿನ್ನ ಸಿಕ್ಕಿತು, ಜನ ನುಗ್ಗಿದರು, ಸಾಮಾನು ಬೇಗ ಸಾಗಬೇಕಾಯಿತು. ಆಮೇಲೆ ಮೈಲಿಗಟ್ಟಲೆ ಗೋಧಿ ಹೊಲ, ಕೊಯ್ಲಿನ ದೊಡ್ಡ ದೊಡ್ಡ ಯಂತ್ರಗಳು. ಅದಕ್ಕೆಲ್ಲ ಎತ್ತಿಗಿಂತ ಚುರುಕಾದ, ಸವಾರಿ ಕುದುರೆಗಿಂತ ಭಾರವಾದ ಪ್ರಾಣಿ ಬೇಕಿತ್ತು. ಸ್ಕಾಟ್ಲೆಂಡಿನಿಂದ ಗಂಡು ಕುದುರೆ ಹಡಗು ಹತ್ತಿದವು. ಹಾಯಿ ಹಡಗಿನಲ್ಲಿ ಮೂರು ತಿಂಗಳ ದಾರಿ. ನಿಂತಲ್ಲೇ ನಿಂತಿರಬೇಕು, ಬಿರುಗಾಳಿಯಲ್ಲಿ ಕಾಲು ಮುರಿದರೆ ಕಥೆ ಮುಗಿಯಿತು. ಅಷ್ಟು ಖರ್ಚು ಮಾಡಿ ಹೆಣ್ಣು ಗಂಡು ಎರಡನ್ನೂ ರಾಶಿ ರಾಶಿ ತರೋಕೆ ಆಗುತ್ತಾ? ಗಂಡು ತಂದರೆ ಲಾಭ. ಒಂದು ಗಂಡು ಒಂದು ಸೀಸನ್‌ಗೆ ಹತ್ತಾರು ಮರಿಗೆ ಅಪ್ಪ, ಹೆಣ್ಣು ಕುದುರೆ ಹನ್ನೊಂದು ತಿಂಗಳು ಹೊತ್ತು ಒಂದು ಮರಿ ಹಾಕಬೇಕು. ಲೆಕ್ಕ ಸರಿಯಾಗೇ ಇದೆ, ನಾನೇನೂ ಇಲ್ಲ ಅನ್ನಲ್ಲ.

ಹಾಗಾಗಿ ಅಲ್ಲಿ ಮೊದಲಿಂದ ಇದ್ದ ತರಹೇವಾರಿ ಹೆಣ್ಣು ಕುದುರೆಗಳಿಗೇ ಈ ಆಮದು ಗಂಡು. ಹುಟ್ಟಿದ ಮಗಳಿಗೆ ಇನ್ನೊಂದು ಆಮದು ಗಂಡು. ಹೀಗೆ ನಾಲ್ಕು ತಲೆಮಾರು ಆದರೆ ಲೆಕ್ಕದಲ್ಲಿ ಹದಿನಾರರಲ್ಲಿ ಹದಿನೈದು ಪಾಲು ಕ್ಲೈಡ್ಸ್‌ಡೇಲ್. ಉಳಿದ ಒಂದು ಪಾಲು ಯಾರದು? ಮೊದಲ ಆ ಅಜ್ಜಿಯದು. ಬಿಸಿಲು, ಬರ, ಒಣ ಹುಲ್ಲು ಎಲ್ಲ ತಡೆದು ಬದುಕಿ, ಕುಂಟೆ ಎಳೆದು, ಗಾಡಿ ಎಳೆದು, ನಡುವೆ ಮರಿಯನ್ನೂ ಹಾಕಿದವಳು. ಅವಳನ್ನು "ಕೆಳದರ್ಜೆ" ಅಂತ ಕರೆದು, ಗಂಡು ಕೊಡಿಸಿ "ಸುಧಾರಿಸಿದೆವು" ಅಂತ ಬರೆದುಕೊಂಡರು. ಆ ಪದ ಓದಿದಾಗಲೆಲ್ಲ ನನಗೆ ಮೈ ಉರಿಯುತ್ತೆ. ಆ ಕಾಲದವರು ಕುದುರೆ ಬಗ್ಗೆ ಮಾತ್ರ ಹೀಗೆ ಮಾತಾಡುತ್ತಿರಲಿಲ್ಲ, ಅಲ್ವಾ?

ನಮ್ಮಲ್ಲಿ ಗಾದೆ ಇದೆ, ನೂಲಿನಂತೆ ಸೀರೆ, ತಾಯಿಯಂತೆ ಮಗಳು. ನಮ್ಮ ತಾತ ಘಾಟಿ ಸುಬ್ರಹ್ಮಣ್ಯ ಜಾತ್ರೆಯಲ್ಲಿ ಕರು ನೋಡಲು ಹೋದರೆ ಮೊದಲು ಕೇಳುತ್ತಿದ್ದದ್ದು "ಇದರ ತಾಯಿ ಎಲ್ಲಪ್ಪ, ತೋರ್ಸು" ಅಂತ. ತಾಯಿ ಮಾರಾಟಕ್ಕೆ ಬಂದಿಲ್ಲ, ಊರಲ್ಲಿದೆ ಅಂದರೆ ಆ ಊರಿಗೇ ಹೋಗಿ ನೋಡಿಬಂದ ದಿನಗಳಿವೆ. ಹಾಗಂತ ನಮ್ಮವರೇ ದೊಡ್ಡವರು ಅಂತಲ್ಲ. ನಮ್ಮಲ್ಲೂ ಹಾರ ಬೀಳುವುದು, ಫ್ಲೆಕ್ಸ್ ಕಟ್ಟುವುದು ಹೋರಿಗೇ. ಹಸುವಿನ ಫ್ಲೆಕ್ಸ್ ಯಾರಾದರೂ ನೋಡಿದ್ದೀರಾ?

ಒಂದು ವಿಷಯಕ್ಕೆ ಮಾತ್ರ ವಿಕ್ಟೋರಿಯಾದವರನ್ನು ಮೆಚ್ಚಬೇಕು. 20ನೇ ಶತಮಾನದ ಆರಂಭದಲ್ಲಿ ಅಲ್ಲಿ ಸರ್ಕಾರಿ ಪಶುವೈದ್ಯರು ಬೀಜದ ಕುದುರೆಗಳನ್ನು ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡಲು ಶುರು ಮಾಡಿದರು. ಗೊರಸಿನ ಹತ್ತಿರ ಮೂಳೆ ಬೆಳೆದಿದೆಯಾ, ಓಡಿಸಿದರೆ ಉಸಿರಲ್ಲಿ ಶಬ್ದ ಬರುತ್ತಾ, ಕಣ್ಣು ಹೇಗಿದೆ, ಇಂಥವು. ಅಪ್ಪ ಎಷ್ಟೇ ದೊಡ್ಡವನಿರಲಿ, ಕಾಲು ಸರಿ ಇಲ್ಲದಿದ್ದರೆ ಫೇಲ್. ಕಾರ್ಡು ಓದುವುದು ಬಿಟ್ಟು ಕಾಲು ನೋಡಿದರು.

ಆ ಕಾಲು ಕೂದಲು ಇದೆಯಲ್ಲ, ಅದರದ್ದೂ ಒಂದು ರಗಳೆ. ಸ್ಕಾಟ್ಲೆಂಡಿನ ಪ್ರದರ್ಶನಗಳಲ್ಲಿ ಅದು ಅಂದ. ಕೆಸರಿನ ಹೊಲದಲ್ಲಿ ಸಂಜೆ ತನಕ ಎಳೆದು ಬಂದ ಕುದುರೆಗೆ ಅದೇ ಶಿಕ್ಷೆ. ಮಣ್ಣು ಮೆತ್ತಿಕೊಂಡು, ತೇವ ಆರದೆ, ಒಳಗೆ ಚರ್ಮ ಒಡೆದು ಹುಣ್ಣಾಗುತ್ತೆ. ಅದನ್ನು ತೊಳೆದು ಒರೆಸುವ ಕೂಲಿಯವನು ಪ್ರದರ್ಶನದ ತೀರ್ಪುಗಾರ ಆಗಿದ್ದರೆ ತಳಿಯೇ ಬೇರೆ ತರಹ ಇರುತ್ತಿತ್ತೇನೋ. 1979ರಲ್ಲಿ ಆಸ್ಟ್ರೇಲಿಯಾದವರು ಕ್ಲೈಡ್ಸ್‌ಡೇಲ್, ಪರ್ಶೆರಾನ್, ಶೈರ್, ಸಫೋಕ್ ಎಲ್ಲ ಬೆರೆತ ದುಡಿಯುವ ಕುದುರೆಗಳಿಗೇ ಒಂದು ಪುಸ್ತಕ ತೆರೆದರು. ಬೆರಕೆಗೂ ನಂಬರ್ ಬಂತು, ಅಷ್ಟರಲ್ಲಿ ಟ್ರ್ಯಾಕ್ಟರ್ ಬಂದು ಎಷ್ಟೋ ದಶಕ ಆಗಿತ್ತು.

ಕೊನೆಗೆ ಬ್ಯಾರನ್ ಆಫ್ ಬುಕ್ಲೈವಿ ಕಥೆ ಹೇಳದಿದ್ದರೆ ನಿದ್ದೆ ಬರಲ್ಲ. 1900ರಲ್ಲಿ ಹುಟ್ಟಿದ ಗಂಡು ಕುದುರೆ. ಇದರ ಒಡೆತನಕ್ಕೆ ವಿಲಿಯಂ ಡನ್‌ಲಪ್, ಜೇಮ್ಸ್ ಕಿಲ್‌ಪ್ಯಾಟ್ರಿಕ್ ಅನ್ನೋ ಇಬ್ಬರು ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್‌ವರೆಗೆ, ಅಂದರೆ ಆಗಿನ ಕಟ್ಟಕಡೆಯ ಕೋರ್ಟಿನವರೆಗೆ, ಕೇಸು ಆಡಿದರು. ಕಡೆಗೆ 1911ರಲ್ಲಿ ಸ್ಕಾಟ್ಲೆಂಡಿನ ಏರ್ ಅನ್ನೋ ಊರಿನಲ್ಲಿ ಹರಾಜು. 9,500 ಪೌಂಡಿಗೆ ಡನ್‌ಲಪ್ ಪಾಲಾಯಿತು, ಆಗಿನ ಕಾಲಕ್ಕೆ ಕಣ್ಣು ಕತ್ತಲೆ ಬರುವ ದುಡ್ಡು. ಮೂರು ವರ್ಷವೂ ಸರಿಯಾಗಿ ಆಗಿರಲಿಲ್ಲ, 1914ರಲ್ಲಿ ಒಂದು ಹೆಣ್ಣು ಕುದುರೆ ಒದ್ದು ಅದರ ಕಾಲು ಮುರಿಯಿತು, ಸಾಯಿಸಬೇಕಾಯಿತು. ಹೂತಿದ್ದನ್ನು ಆಮೇಲೆ ತೆಗೆದು ಮೂಳೆ ಜೋಡಿಸಿ ಗ್ಲಾಸ್ಗೋದ ಕೆಲ್ವಿನ್‌ಗ್ರೋವ್ ಮ್ಯೂಸಿಯಂನಲ್ಲಿ ನಿಲ್ಲಿಸಿದರು. ನಾನು ಓದಿದ ಕಡೆಯೆಲ್ಲ ಅದರ ಅಪ್ಪನ ಹೆಸರಿದೆ, ಕೊಂಡವನ ಹೆಸರಿದೆ, ಸೋತವನ ಹೆಸರೂ ಇದೆ. ಒದ್ದವಳನ್ನು ಮಾತ್ರ "ಒಂದು ಹೆಣ್ಣು ಕುದುರೆ" ಅಂತಲೇ ಬರೆದಿದ್ದರು.