ಪ್ರಾಣಿಗಳಿಗೆ ಕ್ಯಾಮೆರಾ ಪ್ರಜ್ಞೆ ಕಡಿಮೆ

ಅಷ್ಟು ದೂರ ಗಾಡಿ ಓಡಿಸಿ, ಪೆಟ್ರೋಲ್ ಸುಟ್ಟು, ಸೊಂಟ ನೋಯಿಸಿಕೊಂಡು ಕಾಡಿನ ರಸ್ತೆ ಸೇರಿದರೆ ಜಿಂಕೆ ಹಿಂಭಾಗ ತೋರಿಸಿಕೊಂಡು ನಿಂತಿರುತ್ತದೆ. ಇದು ಮರ್ಯಾದೆಯಾ? ಪ್ರಾಣಿಗಳ ಪರವಾಗಿ ಮಾತಾಡಲು ಬೇಕಾದಷ್ಟು ಜನ ಇದ್ದಾರೆ. ಅವುಗಳ ಫೋಟೊ ಹಂಚುವವರ ಪರವಾಗಿ ಒಬ್ಬರೂ ಇಲ್ಲ. ಹಾಗಾಗಿ ಈ ಅಹವಾಲು.

ಅಮೆರಿಕದ ಯೆಲ್ಲೊಸ್ಟೋನ್ ಪಾರ್ಕಿನ ನಿಯಮ ನೋಡಿ. ಕರಡಿ, ತೋಳಗಳಿಂದ 100 ಗಜ ದೂರ ಇರಬೇಕು. ಬೈಸನ್ ಎಂಬ ಅಲ್ಲಿನ ಕಾಡುದನದಿಂದ 25 ಗಜ. ನಿಯಮ ಮಾಡಿದವರು ಮೊಬೈಲ್ ಹಿಡಿದು ನೋಡಿದ ಹಾಗಿಲ್ಲ. ಅದರ ಲೆನ್ಸಿಗೆ ಇಡೀ ಬಯಲು ಕಾಣಿಸುತ್ತದೆ, ನೂರು ಗಜದಾಚೆಯ ಕರಡಿ ಮಾತ್ರ ಕರಿ ಚುಕ್ಕೆ. ಜೂಮ್ ಮಾಡಿದರೆ ದೊಡ್ಡ ಕರಿ ಚುಕ್ಕೆ. ಅದಕ್ಕೆ ಕೆಂಪು ಗೀಟಿನಲ್ಲಿ ಸುತ್ತು ಹಾಕಿ, 'ಕರಡಿ!' ಎಂದು ಬರೆದು ಗ್ರೂಪಿಗೆ ಕಳಿಸಬೇಕು. ಒಬ್ಬ ಅದು ಬಂಡೆ ಎನ್ನುತ್ತಾನೆ. ಇನ್ನೊಬ್ಬ ಫೋಟೊ ತೆರೆಯದೆಯೇ 'ಸೂಪರ್ ಹುಲಿ' ಎನ್ನುತ್ತಾನೆ. ಇಷ್ಟು ಅವಮಾನ ತಿನ್ನುವ ಬದಲು ಗಾಡಿಯಿಂದಿಳಿದು ನಾಲ್ಕು ಹೆಜ್ಜೆ ಹತ್ತಿರ ಹೋಗೋಣ ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಬೈಸನ್‌ಗೆ ಈ ಕಷ್ಟ ಗೊತ್ತಾಗುವುದಿಲ್ಲ. ರೇಗಿದಾಗ ಬಾಲ ಎತ್ತುತ್ತದೆ. ನಾವು ಪೋಸ್ ಕೊಡುತ್ತಿದೆ ಅಂದುಕೊಂಡು ಇನ್ನೂ ನಾಲ್ಕು ಕ್ಲಿಕ್ ಮಾಡುತ್ತೇವೆ.

2016ರಲ್ಲಿ ಅದೇ ಪಾರ್ಕಿಗೆ ಬಂದ ದಯಾವಂತರು, ಪಾಪ ಚಳಿಯಾಗುತ್ತಿರಬೇಕು ಎಂದು ಬೈಸನ್ ಕರುವೊಂದನ್ನು ಗಾಡಿಯೊಳಗೆ ತುಂಬಿಕೊಂಡು ಹೋದರು. ಆ ಫೋಟೊ ಲೋಕವೆಲ್ಲ ಸುತ್ತಿತು. ಹಿಂಡು ಆ ಕರುವನ್ನು ಮತ್ತೆ ಸೇರಿಸಿಕೊಳ್ಳಲಿಲ್ಲ. ಅದು ರಸ್ತೆಯಲ್ಲಿ ಹೋಗುವ ಗಾಡಿಗಳ ಹತ್ತಿರ, ಜನರ ಹತ್ತಿರ ಬರತೊಡಗಿತು. ಕೊನೆಗೆ ಪಾರ್ಕಿನವರೇ ಅದನ್ನು ಸಾಯಿಸಿದರು. ಫೋಟೊ ಮಾತ್ರ ಇವತ್ತಿಗೂ ಸಿಗುತ್ತದೆ.

ಬೆಟ್ಟಗಳೇ ವಾಸಿ, ಓಡಿಹೋಗುವುದಿಲ್ಲ. ಆದರೆ ಅವುಗಳ ಪಕ್ಕದಲ್ಲಿ ಜನ ವಾಸ ಮಾಡುತ್ತಾರಲ್ಲ, ಅದೇ ತೊಂದರೆ. ಜಪಾನಿನ ಫುಜಿಕವಾಗುಚಿಕೊ ಊರಿನಲ್ಲಿ ಒಂದು ಅಂಗಡಿಯ ತಲೆಯ ಮೇಲೆ ಫುಜಿ ಪರ್ವತ ಕೂತ ಹಾಗೆ ಕಾಣುತ್ತದೆ. ಆ ಒಂದು ಫೋಟೊಗಾಗಿ ಬಂದವರು ರಸ್ತೆ ನಡುವೆ ನಿಂತರು, ಕಸ ಹಾಕಿದರು, ಎಲ್ಲೆಂದರಲ್ಲಿ ಗಾಡಿ ನಿಲ್ಲಿಸಿದರು. 2024ರ ಮೇ ತಿಂಗಳಲ್ಲಿ ಊರಿನ ಆಡಳಿತ 2.5 ಮೀಟರ್ ಎತ್ತರ, 20 ಮೀಟರ್ ಉದ್ದದ ಕಪ್ಪು ಬಲೆ ಕಟ್ಟಿಸಿತು. 3,776 ಮೀಟರ್ ಬೆಟ್ಟವನ್ನು ಎರಡೂವರೆ ಮೀಟರ್ ಬಲೆಯಲ್ಲಿ ಬಚ್ಚಿಟ್ಟರು! ಕೆಲವೇ ದಿನಗಳಲ್ಲಿ ಬಲೆಯಲ್ಲಿ ತೂತುಗಳು ಬಿದ್ದವು. ಮೊಬೈಲ್ ಲೆನ್ಸ್ ತೂರಿಸಲು ಹೇಳಿ ಮಾಡಿಸಿದಂಥ ತೂತುಗಳು.

ಬಾಲಿಯವರು ಇದಕ್ಕಿಂತ ಜಾಣರು. ಲೆಂಪುಯಾಂಗ್ ದೇಗುಲದ ಬಾಗಿಲ ಮುಂದೆ ನೀರೇ ಇಲ್ಲ. ಮೊಬೈಲ್ ಕೆಳಗೆ ಒಂದು ಕನ್ನಡಿ ಚೂರು ಹಿಡಿಯುತ್ತಾರೆ, ಫೋಟೊದಲ್ಲಿ ಕೆರೆ ಹುಟ್ಟುತ್ತದೆ. ಇಲ್ಲದ ಕೆರೆಯ ದಡದಲ್ಲಿ ನಿಲ್ಲಲು ಜನ ಗಂಟೆಗಟ್ಟಲೆ ಸರದಿ ಕಾಯುತ್ತಾರೆ. ಯಾರಿಗೂ ಬೇಸರವಿಲ್ಲ.

ಪ್ರಾಣಿಗಳ ವಿಷಯದಲ್ಲಿ ಇಂಥ ಉದಾರ ಮನಸ್ಸು ನಮಗೆ ಬಂದಿಲ್ಲ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವನ್ಯಜೀವಿ ಫೋಟೊ ಸ್ಪರ್ಧೆಯಲ್ಲಿ ಇರುವೆಭಕ್ಷಕದ ಒಂದು ಚಿತ್ರ ಗೆದ್ದಿತ್ತು. ಅದು ಜೀವಂತ ಪ್ರಾಣಿಯಲ್ಲ, ಸತ್ತದ್ದರ ಚರ್ಮದೊಳಗೆ ಏನೇನೋ ತುಂಬಿ ನಿಲ್ಲಿಸಿದ ಗೊಂಬೆ ಎಂದು ತಜ್ಞರು ತೀರ್ಮಾನಿಸಿದರು. 2018ರಲ್ಲಿ ಬಹುಮಾನ ಹೋಯಿತು. ತೆಗೆದವರು ಆರೋಪ ಒಪ್ಪಲಿಲ್ಲ, ಅದಿರಲಿ. ಅಲುಗದೆ, ಓಡದೆ, ಬಾಲ ಎತ್ತದೆ ಹೇಳಿದಲ್ಲಿ ನಿಲ್ಲುವ ಪ್ರಾಣಿಗೆ ಬಹುಮಾನ ಇಲ್ಲ ಅಂದರೆ ಇನ್ಯಾವುದಕ್ಕೆ ಕೊಡುತ್ತಾರೋ!

ಘೇಂಡಾಮೃಗಗಳದ್ದು ಇನ್ನೊಂದು ತಕರಾರು. ಲೊಕೇಶನ್ ಆನ್ ಇದ್ದರೆ ಫೋಟೊ ತೆಗೆದ ಜಾಗವನ್ನೂ ಮೊಬೈಲು ಅದರೊಳಗೇ ಬರೆದಿಡುತ್ತದೆ. ಕೊಂಬಿಗಾಗಿ ಕೊಲ್ಲುವವರಿಗೆ ಅಷ್ಟೇ ಸಾಕು. ಅದಕ್ಕೇ ಆಫ್ರಿಕಾದ ಕೆಲವು ಕಾಡುಗಳಲ್ಲಿ 'ಲೊಕೇಶನ್ ಆಫ್ ಮಾಡಿ, ಎಲ್ಲಿ ಕಂಡಿತು ಅಂತ ಹೇಳಬೇಡಿ' ಎಂದು ಪ್ರವಾಸಿಗರನ್ನು ಕೇಳಿಕೊಳ್ಳುತ್ತಾರೆ. ಹೇಳದೆ ಇರುವುದು ಹೇಗೆ? ಫೋಟೊ ಹಾಕಿ ನಿಮಿಷವಾಗಿರುವುದಿಲ್ಲ, 'ಬ್ರದರ್, ಲೊಕೇಶನ್ ಪ್ಲೀಸ್' ಎಂದು ಯಾರೋ ಕೇಳಿರುತ್ತಾರೆ. ಹೆಸರಿಲ್ಲ, ಮುಖವಿಲ್ಲ, ಪ್ರೊಫೈಲಿನಲ್ಲಿ ಒಂದು ಗುಲಾಬಿ ಹೂವು. ಆದರೆ ಹಾರ್ಟ್ ಒತ್ತಿದ್ದಾನೆ. ಅಂಥವನಿಗೆ ಇಲ್ಲ ಅನ್ನುವುದಕ್ಕೆ ಬಾಯಿ ಬರುತ್ತದಾ?