‘ಒಂದು ಮಗು ಆದ್ರೆ ಎಲ್ಲ ಸರಿ ಆಗ್ತದೆ’ ಅನ್ನುವ ಮದ್ದು

ಮೊನ್ನೆ ಭಾನುವಾರ ತವರಿಗೆ ಹೋಗಿದ್ದೆ. ಕೇರಳದ ಕಾಸರಗೋಡು ಜಿಲ್ಲೆ, ಬದಿಯಡ್ಕದ ಹತ್ತಿರ ನಮ್ಮ ಮನೆ. ಅವತ್ತು ಹಲಸಿನಕಾಯಿ ಹಪ್ಪಳದ ಕೆಲಸ. ಅಂದರೆ ಗೊತ್ತಲ್ಲ, ಹೆಂಗಸರೆಲ್ಲ ಜಗಲಿಯಲ್ಲಿ. ಒಬ್ಬರು ಸೊಳೆ ಬಿಡಿಸುವುದು, ಒಬ್ಬರು ಉಂಡೆ ಕಟ್ಟುವುದು, ಒಬ್ಬರು ಒತ್ತುವುದು, ಮಕ್ಕಳು ಅಂಗಳದ ಚಾಪೆಗೆ ಹಾಕಿ ಬರುವುದು. ಅಕ್ಕನ ಮಗಳು ಮಾತ್ರ ಆಚೆ ಕಂಬಕ್ಕೆ ಒರಗಿ ಕೂತಿದ್ದಳು. ಹೊಟ್ಟೆಯ ಮೇಲೆ ಬಿಸಿನೀರಿನ ಚೀಲ, ಮುಖದಲ್ಲಿ ರಕ್ತ ಇಲ್ಲ. ಅವಳಿಗೆ 19. ಕುಂಬಳೆಯಲ್ಲಿ ರೈಲು ಹತ್ತಿ ಮಂಗಳೂರಿನ ಕಾಲೇಜಿಗೆ ಹೋಗುತ್ತಾಳೆ. ಮುಟ್ಟಿನ ನೋವಿಗೆ ತಿಂಗಳಿಗೆ ಎರಡು ದಿನ ಹೋಗುವುದಿಲ್ಲ.

ದೊಡ್ಡಮ್ಮ ಉಂಡೆ ಕಟ್ಟುತ್ತಲೇ ಹೇಳಿದರು, “ಡಿಗ್ರಿ ಮುಗಿದ ಕೂಡ್ಲೇ ಮದುವೆ ಮಾಡಿಬಿಡಿ. ಒಂದು ಮಗು ಆದ್ರೆ ಎಲ್ಲ ಸರಿ ಆಗ್ತದೆ.”

ಯಾರೂ ತಲೆ ಎತ್ತಲಿಲ್ಲ. ಅಕ್ಕ “ಹೌದು, ನೋಡುವ” ಅಂದಳು. ನನ್ನ ಕೈಯಲ್ಲಿದ್ದ ಹಪ್ಪಳ ಹರಿಯಿತು.

ಇದೇ ಮಾತನ್ನು ಇದೇ ಜಗಲಿಯಲ್ಲಿ ನನಗೂ ಹೇಳಿದ್ದರು. ನಾನು ಆ ಮದ್ದು ತೆಗೆದುಕೊಂಡವಳು. ನನ್ನ ನೋವಿಗೆ ಎಂಡೋಮೆಟ್ರಿಯೋಸಿಸ್ ಅಂತ ಒಂದು ಹೆಸರಿದೆ ಅಂತ ಗೊತ್ತಾದದ್ದು ಬಹಳ ತಡವಾಗಿ. ಅದಕ್ಕೇ ಈ ಬರಹ. ಅಕ್ಕನ ಮಗಳನ್ನು ಕೇಳಿಯೇ ಬರೆಯುತ್ತಿದ್ದೇನೆ. “ಹೆಸರು ಹಾಕ್ಬೇಡಿ ಚಿಕ್ಕಮ್ಮ, ಬಾಕಿ ಎಲ್ಲ ಬರೀರಿ” ಅಂದಳು.

ನನಗೆ ಮೊದಲು ಮುಟ್ಟಾದದ್ದು 12ನೇ ವಯಸ್ಸಿಗೆ. ಹೈಸ್ಕೂಲು ಮುಗಿಯುವಷ್ಟರಲ್ಲಿ ಆ ಮೂರು ದಿನ ಅಂದರೆ ವಾಂತಿ, ಬೆವರು, ಬಚ್ಚಲಿನ ನೆಲದ ಮೇಲೆ ಮುದುಡಿ ಮಲಗುವುದು. ಅಮ್ಮ ಜೀರಿಗೆ ಕಷಾಯ ಕೊಡುತ್ತಿದ್ದರು. ಮೆಂತೆ ನೆನೆಸಿ ಕೊಡುತ್ತಿದ್ದರು. ಅಜ್ಜಿ “ನಮಗೂ ಇತ್ತು, ನಾವು ಗದ್ದೆಗೆ ಹೋಗ್ತಿರಲಿಲ್ವಾ?” ಅನ್ನುತ್ತಿದ್ದರು. ನಮ್ಮ ಮನೆಯಲ್ಲಿ ಹೊರಗೆ ಕೂರುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. ಯಾರಿಗೆ ಯಾವ ದಿನ ಅಂತ ಕೆಲಸಕ್ಕೆ ಬರುವವರಿಗೂ ಗೊತ್ತಿರುತ್ತದೆ. ನೋವು ಎಷ್ಟು ಅಂತ ಮಾತ್ರ ಯಾರೂ ಕೇಳುವುದಿಲ್ಲ. ವಿಚಿತ್ರ ಅಲ್ವಾ?

2014ರಲ್ಲಿ ಮದುವೆಯಾಯಿತು. ವರ್ಷ ಒಂದಾಯಿತು, ಎರಡಾಯಿತು. “ವಿಶೇಷ ಉಂಟಾ?” ಶುರುವಾಯಿತು. ಉಪನಯನದ ಊಟದ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಒಮ್ಮೆ ಸಾವಿನ ಮನೆಯಲ್ಲೂ. ಜಾತಕ ನೋಡಿಸಿದರು, ನಾಗದೋಷ ಬಂತು. ಸುಬ್ರಹ್ಮಣ್ಯಕ್ಕೆ ಹೋಗಿ ಆಶ್ಲೇಷ ಬಲಿ ಮಾಡಿಸಿದೆವು. ಮಧೂರು ಗಣಪತಿಗೆ ಅಪ್ಪದ ಹರಕೆ ಹೇಳಿದೆವು. ಅದಕ್ಕೆ ನನ್ನ ತಕರಾರಿಲ್ಲ, ಮನಸ್ಸಿಗೆ ಧೈರ್ಯ ಬೇಕಿತ್ತು. ತಕರಾರು ಇರುವುದು ಮುಂದಿನ ಸಂಗತಿಗೆ.

ಆಗ ನಮ್ಮ ಕಡೆಯ ಒಬ್ಬರು ಡಾಕ್ಟರ ಹತ್ತಿರ ಹೋದೆ. ಗಂಡನಿಗೆ ರಜೆ ಸಿಗಲಿಲ್ಲ, ಅತ್ತೆ ಬಂದರು. ಪ್ರೀತಿಯಿಂದಲೇ ಬಂದದ್ದು. ಡಾಕ್ಟರಿಗೆ ಮಲಯಾಳ ಚೆನ್ನಾಗಿ, ಕನ್ನಡ ಅಷ್ಟಕ್ಕಷ್ಟೇ. ಬರೆದುಕೊಳ್ಳುತ್ತಾ ತಲೆ ಎತ್ತದೆ ಕೇಳಿದರು, “ಗಂಡನ ಜೊತೆ ಸೇರುವಾಗ ನೋವು ಉಂಟಾ?” ಅತ್ತೆ ನನ್ನ ಮೊಣಕೈಗೆ ತಾಗಿ ಕೂತಿದ್ದರು. ಅವರ ಸೀರೆಯಲ್ಲಿ ಕರ್ಪೂರದ ವಾಸನೆ. ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಹಸುಗೂಸು ನಗುತ್ತಿತ್ತು. ನಾನು “ಇಲ್ಲ” ಅಂದೆ.

ಇತ್ತು. ಮದುವೆಯಾದ ದಿನದಿಂದ ಇತ್ತು. ಮುಟ್ಟಿನ ದಿನ ಸಂಡಾಸಿಗೆ ಕೂತರೆ ಕೆಳಗಿನಿಂದ ಚೂರಿ ಹಾಕಿದ ಹಾಗೆ ಆಗುತ್ತಿತ್ತು, ಅದನ್ನೂ ಹೇಳಲಿಲ್ಲ. ಹೇಳಲು ಕನ್ನಡದಲ್ಲಿ ನನ್ನ ಬಳಿ ಶಬ್ದವೇ ಇರಲಿಲ್ಲ. ‘ಹೊಟ್ಟೆನೋವು’ ಅಂದರೆ ಹಲಸಿನಹಣ್ಣು ಜಾಸ್ತಿ ತಿಂದರೂ ಬರುವುದು, ಅಲ್ವಾ? ಸ್ಕ್ಯಾನ್ ಮಾಡಿದರು, ನಾರ್ಮಲ್. ಕಬ್ಬಿಣಾಂಶದ ಮಾತ್ರೆ, ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಳಿಸಿದರು. ಆ ಪ್ರಶ್ನೆಗೆ ‘ಹೌದು’ ಅಂದು ಇದನ್ನೂ ಹೇಳಿದ್ದರೆ ಅವರ ಪೆನ್ನು ಬೇರೆ ಏನೋ ಬರೆಯುತ್ತಿತ್ತು ಅಂತ ಈಗ ಗೊತ್ತು. ನನ್ನ ಒಂದು ‘ಇಲ್ಲ’ಕ್ಕೆ ಎರಡು ವರ್ಷ ಹೋಯಿತು.

2017ರಲ್ಲಿ ಮಂಗಳೂರಿನಲ್ಲಿ ಒಬ್ಬರು ಲೇಡಿ ಡಾಕ್ಟರು ಅತ್ತೆಯನ್ನು ಹೊರಗೆ ಕೂರಿಸಿ ಮತ್ತೆ ಅದನ್ನೇ ಕೇಳಿದರು. ಆಗ ಅತ್ತುಬಿಟ್ಟೆ. ಆಮೇಲೆ ಒಳಗಿನಿಂದ ಮಾಡುವ ಸ್ಕ್ಯಾನ್ ಮಾಡಿದರು. ಎಡ ಅಂಡಾಶಯದಲ್ಲಿ 5 ಸೆಂಟಿಮೀಟರಿನ ಚಾಕಲೇಟ್ ಸಿಸ್ಟ್. ಅತ್ತೆ ಕೇಳಿ ಗಾಬರಿಯಾಗಿ, “ಇವಳು ಚಾಕಲೇಟು ತಿನ್ನುವುದೇ ಇಲ್ಲ ಡಾಕ್ಟ್ರೇ!” ಅಂದರು. ನೋವಿನ ನಡುವೆಯೂ ನಾನು ಮತ್ತು ಡಾಕ್ಟರು ಇಬ್ಬರೂ ನಕ್ಕೆವು.

ಸಿಸ್ಟ್ ಅಂದರೆ ಚೀಲದಂಥ ಗಂಟು. ಹಳೇ ರಕ್ತ ಅದರೊಳಗೇ ನಿಂತು ಕರಗಿದ ಚಾಕಲೇಟಿನ ಬಣ್ಣಕ್ಕೆ ತಿರುಗಿರುತ್ತದೆ, ಅದಕ್ಕೆ ಆ ಹೆಸರು. ಕಾಯಿಲೆಯ ಹೆಸರು ಎಂಡೋಮೆಟ್ರಿಯೋಸಿಸ್. ಗರ್ಭಕೋಶದ ಒಳಗೋಡೆಗೆ ಒಂದು ಪದರ ಇರುತ್ತದೆ. ತಿಂಗಳು ತಿಂಗಳು ದಪ್ಪವಾಗಿ, ಬಸಿರು ನಿಲ್ಲದಿದ್ದರೆ ಕಳಚಿ ಹೋಗುತ್ತದೆ. ಅದೇ ಮುಟ್ಟು. ಅಂಥದೇ ಪದರ ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೆ, ಕರುಳಿನ ಮೇಲೆ, ಮೂತ್ರಕೋಶದ ಮೇಲೆ ಅಲ್ಲಲ್ಲಿ ಬೆಳೆದರೆ ಈ ಕಾಯಿಲೆ. ಅದೂ ತಿಂಗಳ ಲೆಕ್ಕಕ್ಕೆ ಊದುತ್ತದೆ, ಸ್ರವಿಸುತ್ತದೆ. ಆದರೆ ಹೊರಗೆ ಹೋಗಲು ದಾರಿಯಿಲ್ಲ. ಸುತ್ತ ಉರಿಯೂತ ಆಗುತ್ತದೆ, ಆಮೇಲೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಹಲಸಿನ ಮೇಣ ಗೊತ್ತಲ್ಲ? ಎಣ್ಣೆ ಹಚ್ಚದೆ ಕೈ ಹಾಕಿದರೆ ಬೆರಳು ಬೆರಳಿಗೆ ಅಂಟುತ್ತದಲ್ಲ, ನನ್ನ ಹೊಟ್ಟೆಯೊಳಗೆ ಹಾಗೆ ಆಗಿತ್ತು. ಎಡ ಅಂಡಾಶಯ ಗರ್ಭಕೋಶದ ಹಿಂಭಾಗಕ್ಕೆ ಅಂಟಿ ಕೂತಿತ್ತು.

ಈಗ ಮಕ್ಕಳಾಗುವ ವಿಷಯ. ಅಂಡಾಶಯದಿಂದ ಹೊರಬಂದ ಮೊಟ್ಟೆಯನ್ನು ಗರ್ಭಕೋಶಕ್ಕೆ ಹೋಗುವ ನಾಳದ ತುದಿಯ ಕುಚ್ಚು ಎತ್ತಿಕೊಳ್ಳಬೇಕು. ಎಲ್ಲ ಅಂಟಿಕೊಂಡಿದ್ದರೆ ಕುಚ್ಚು ಅಲ್ಲಿಗೆ ತಲುಪುವುದು ಹೇಗೆ? ಅಂಟದೇ ಇದ್ದರೂ ಉರಿಯೂತದ ನೀರಿನಲ್ಲಿ ಮೊಟ್ಟೆಗೂ ವೀರ್ಯಾಣುವಿಗೂ ಕಷ್ಟ. ಸಿಸ್ಟ್ ಅಂಡಾಶಯದ ಒಳ್ಳೆಯ ಭಾಗವನ್ನೇ ತಿನ್ನುತ್ತದೆ. ಏನೂ ತೊಂದರೆ ಇಲ್ಲದ ಜೋಡಿಗೆ ಒಂದು ತಿಂಗಳಲ್ಲಿ ಬಸಿರು ನಿಲ್ಲುವ ಸಾಧ್ಯತೆ ಸುಮಾರು 15ರಿಂದ 20%. ಮಕ್ಕಳಿಗಾಗಿ ಒದ್ದಾಡುತ್ತಿರುವ, ಚಿಕಿತ್ಸೆ ಆಗದ ಎಂಡೋಮೆಟ್ರಿಯೋಸಿಸ್ಸಿನವರಲ್ಲಿ ಅದು 2ರಿಂದ 10%ಕ್ಕೆ ಇಳಿಯುತ್ತದೆ ಅಂತ ಲೆಕ್ಕ.

ಇಳಿಯುತ್ತದೆ ಅಂದೆ, ಸೊನ್ನೆ ಅನ್ನಲಿಲ್ಲ. ಇದು ಇರುವ ಎಷ್ಟೋ ಜನ ಯಾವ ಚಿಕಿತ್ಸೆಯೂ ಇಲ್ಲದೆ ಹೆರುತ್ತಾರೆ. ಮೂರು ಹೆತ್ತವರೂ ಇದ್ದಾರೆ, ಅವರಿಗೆ ತಮಗೆ ಇದು ಇತ್ತು ಅಂತಲೇ ಗೊತ್ತಿರುವುದಿಲ್ಲ. ಈ ಕಾಯಿಲೆ ಅಂದ ತಕ್ಷಣ ‘ಬಂಜೆ’ ಅಂತ ಓದಿಕೊಳ್ಳಬೇಡಿ. ಆ ಶಬ್ದ ನಮ್ಮ ಹೆಂಗಸರ ಬಾಯಲ್ಲೇ ಜಾಸ್ತಿ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಮುಟ್ಟಾಗುವ ವಯಸ್ಸಿನವರಲ್ಲಿ ಸುಮಾರು 10% ಜನಕ್ಕೆ ಇದು ಇದೆ, ಜಗತ್ತಿನಲ್ಲಿ ಸುಮಾರು 19 ಕೋಟಿ. ಕಾಸರಗೋಡು–ಮಂಗಳೂರು ಬಸ್ಸಿನ ಹೆಂಗಸರ ಸೀಟಿನಲ್ಲಿ ಹತ್ತು ಜನ ಕೂತಿದ್ದರೆ ಒಬ್ಬಳು. ಕಾಯಿಲೆ ಗೊತ್ತಾಗುವುದಕ್ಕೆ 4ರಿಂದ 12 ವರ್ಷ ಹಿಡಿಯುತ್ತದಂತೆ. ನನಗೆ 16 ವರ್ಷ ಹಿಡಿಯಿತು.

2018ರಲ್ಲಿ ಲ್ಯಾಪರೋಸ್ಕೋಪಿ ಮಾಡಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಕೊರೆದು, ಸಿಸ್ಟ್ ತೆಗೆದರು. ತೆಗೆಯುವ ಮೊದಲೇ ಡಾಕ್ಟರು ಕೂರಿಸಿ ಹೇಳಿದ್ದರು, ಸಿಸ್ಟ್ ಸುಲಿಯುವಾಗ ಅದರ ಜೊತೆ ಒಳ್ಳೆಯ ಅಂಡಾಶಯವೂ ಸ್ವಲ್ಪ ಹೋಗುತ್ತದೆ, ಮೊಟ್ಟೆಯ ಸಂಗ್ರಹ ಇಳಿಯಬಹುದು ಅಂತ. ಇಳಿಯಿತು. ಎಎಂಎಚ್ ಅಂತ ಒಂದು ರಕ್ತಪರೀಕ್ಷೆ ಇದೆ, ಅದರಲ್ಲಿ ಕಂಡಿತು. ಹಾಗಂತ ಆಪರೇಷನ್ ತಪ್ಪು ಅನ್ನುತ್ತಿಲ್ಲ, ನನ್ನ ನೋವು ಅರ್ಧಕ್ಕರ್ಧ ಇಳಿದದ್ದು ಅದರಿಂದಲೇ. ಆದರೆ ಮಗು ಬೇಕು ಅನ್ನುವವಳ ಅಂಡಾಶಯಕ್ಕೆ ಕತ್ತರಿ ಹಾಕುವ ಮೊದಲು ಆ ಪರೀಕ್ಷೆ ಆಗಿರಬೇಕು. ಗಂಡನ ವೀರ್ಯ ಪರೀಕ್ಷೆಯೂ ಆಗಿರಬೇಕು. ನನ್ನ ಗಂಡ ಮೊದಲ ವಾರವೇ ಮಾಡಿಸಿಕೊಂಡರು. ಹೆಂಡತಿಯ ಹೊಟ್ಟೆಗೆ ಮೂರು ತೂತು ಕೊರೆಸಿ ಆದಮೇಲೂ “ನನಗೆ ಎಂತ ಪರೀಕ್ಷೆ?” ಅನ್ನುವವರನ್ನು ಆಸ್ಪತ್ರೆಯ ಬೆಂಚಿನಲ್ಲಿ ನೋಡಿದ್ದೇನೆ.

ಮುಂದೆ ಐವಿಎಫ್. ನಾಳ, ಕುಚ್ಚು ಯಾವುದರ ಹಂಗೂ ಇಲ್ಲದೆ ಮೊಟ್ಟೆಯನ್ನು ನೇರ ಹೊರತೆಗೆದು ಭ್ರೂಣ ಮಾಡುವುದು. ಆ ವರ್ಷದ ಅಡಿಕೆಯ ದುಡ್ಡು ಪೂರ್ತಿ ಅದಕ್ಕೇ ಹೋಯಿತು. 2020ರ ಫೆಬ್ರವರಿಯಲ್ಲಿ 6 ಮೊಟ್ಟೆ ಸಿಕ್ಕಿತು, 3 ಭ್ರೂಣ ಆಯಿತು. ಮಂಗಳೂರಿನಲ್ಲಿ ಫ್ರೀಜ್ ಮಾಡಿ ಇಟ್ಟರು. ಏಪ್ರಿಲಿನಲ್ಲಿ ಒಳಗೆ ಹಾಕುವುದು ಅಂತ ತೀರ್ಮಾನ.

ಮಾರ್ಚಿನಲ್ಲಿ ಗಡಿ ಮುಚ್ಚಿತು. ನಮ್ಮವರಿಗೆ ನೆನಪಿದೆ, ಹೊರಗಿನವರಿಗೆ ಹೇಳುತ್ತೇನೆ. ಕೊರೋನಾ ಬಂತು ಅಂತ ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿಯಿತು. ತಲಪಾಡಿಯಲ್ಲಿ ಆಂಬುಲೆನ್ಸ್ ಕೂಡ ನಿಂತಿತು. ನಮಗೆ ದೊಡ್ಡಾಸ್ಪತ್ರೆ ಅಂದರೆ ಅಂದಿಗೂ ಇಂದಿಗೂ ಮಂಗಳೂರೇ. ದಾಟಲಾಗದೆ ಜೀವ ಹೋದವರಿದ್ದಾರೆ, ಅವರ ಮುಂದೆ ನನ್ನದು ಏನೂ ಅಲ್ಲ. ಆದರೂ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ನಮ್ಮ ಮೂರು ಭ್ರೂಣ ಗಡಿಯ ಆಚೆ, ನಾವಿಬ್ಬರು ಈಚೆ. “ಕರೆಂಟು ಹೋದ್ರೆ?” ಅಂತ ಗಂಡನನ್ನು ಎಬ್ಬಿಸಿ ಕೇಳುತ್ತಿದ್ದೆ. ಅದು ದ್ರವ ಸಾರಜನಕದಲ್ಲಿ ಇರುವುದು, ಕರೆಂಟಿಗೂ ಅದಕ್ಕೂ ಸಂಬಂಧ ಇಲ್ಲ ಅಂತ ಪಾಪ ಅವರು ನಾಲ್ಕು ಸಲ ಹೇಳಿರಬೇಕು.

2021ರ ಜನವರಿಯಲ್ಲಿ ಒಂದು ಭ್ರೂಣ ಹಾಕಿದರು. ನಿಂತಿತು. ಏಳನೇ ವಾರ ಹೋಯಿತು. ಅದರ ಬಗ್ಗೆ ಬರೆಯುವುದಿಲ್ಲ.

ಡಿಸೆಂಬರಿನಲ್ಲಿ ಉಳಿದ ಎರಡನ್ನೂ ಹಾಕಿದರು, ಒಂದು ನಿಂತಿತು. ಬಸಿರಾದರೆ ಕಾಯಿಲೆಯ ಕಥೆ ಮುಗಿಯಿತು ಅಂತ ಎಲ್ಲರ ಎಣಿಕೆ, ನನ್ನದೂ. 28ನೇ ವಾರ ಬೆಳಗ್ಗೆ ಎದ್ದರೆ ಹಾಸಿಗೆ ಒದ್ದೆ, ರಕ್ತ. ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕೂತಿತ್ತು. ಎಂಡೋಮೆಟ್ರಿಯೋಸಿಸ್ ಇದ್ದವರಲ್ಲಿ ಹೀಗಾಗುವುದು ಉಳಿದವರಿಗಿಂತ ಜಾಸ್ತಿ. ಐವಿಎಫ್ ಬಸಿರಿನಲ್ಲೂ ಜಾಸ್ತಿ. ನನಗೆ ಎರಡೂ ಇತ್ತಲ್ಲ. ಗರ್ಭಪಾತ, ನಾಳದಲ್ಲಿ ಬಸಿರು ನಿಲ್ಲುವುದು, ದಿನ ತುಂಬುವ ಮೊದಲೇ ಹೆರಿಗೆ, ಇವುಗಳ ಸಾಧ್ಯತೆಯೂ ಸ್ವಲ್ಪ ಹೆಚ್ಚು. ಹೆಚ್ಚಿನವರ ಬಸಿರು ಸುಸೂತ್ರವಾಗಿಯೇ ಮುಗಿಯುತ್ತದೆ, ಹೆದರಬೇಡಿ. ಆದರೆ ಬಸಿರು ನೋಡುವ ಡಾಕ್ಟರಿಗೆ ಮೊದಲ ದಿನವೇ “ನನಗೆ ಇದು ಇತ್ತು” ಅಂತ ಹೇಳಿ. ಮಾಸು ಎಲ್ಲಿದೆ ಅಂತ ಅವರು ಕಣ್ಣಿಟ್ಟು ನೋಡುತ್ತಾರೆ.

36ನೇ ವಾರ ಸಿಸೇರಿಯನ್. 2022ರ ಆಗಸ್ಟಿನಲ್ಲಿ ಮಗಳು ಹುಟ್ಟಿದಳು. ಈಗ ಇದನ್ನು ಬರೆಯುವಾಗ ಪಕ್ಕದಲ್ಲಿ ಕೂತು ನನ್ನ ಚಾರ್ಜರ್ ವಯರು ಕಚ್ಚುತ್ತಿದ್ದಾಳೆ.

ಅಂದರೆ ದೊಡ್ಡಮ್ಮ ಹೇಳಿದ ಮದ್ದು ನನಗೆ ಸಿಕ್ಕಿತು. ಬಸಿರಿನಲ್ಲಿ, ಎದೆಹಾಲು ಕೊಡುತ್ತಿದ್ದಾಗ ಮುಟ್ಟು ಇರಲಿಲ್ಲ, ಆ ನೋವೂ ಇರಲಿಲ್ಲ. “ನಾನು ಹೇಳಿರ್ಲಿಲ್ವಾ?” ಅಂತ ದೊಡ್ಡಮ್ಮ ಬಾಣಂತಿ ಕೋಣೆಗೆ ಬಂದು ಹೇಳಿ ಹೋದರು. ಮಗಳಿಗೆ ಹತ್ತು ತಿಂಗಳಾಗುವಾಗ ಮುಟ್ಟು ಮರಳಿತು. ಮೂರನೇ ತಿಂಗಳು ನಾನು ಮತ್ತೆ ಬಚ್ಚಲಿನ ನೆಲದಲ್ಲಿದ್ದೆ. ಈ ಸಲ ಹೊರಗೆ ಮಗು ಅಳುತ್ತಿತ್ತು, ಅಷ್ಟೇ ವ್ಯತ್ಯಾಸ.

ಇದು ನನ್ನೊಬ್ಬಳ ಅನುಭವ ಅಂತ ತಳ್ಳಿಹಾಕಬೇಡಿ. ಯುರೋಪಿನ ಬಂಜೆತನ ತಜ್ಞರ ಸಂಘ ಈಶ್ರೇ 2022ರಲ್ಲಿ ಡಾಕ್ಟರುಗಳಿಗೆ ಕೊಟ್ಟ ಮಾರ್ಗಸೂಚಿಯಲ್ಲೇ ಇದೆ: ಕಾಯಿಲೆ ವಾಸಿಯಾಗಲಿ ಅನ್ನುವ ಒಂದೇ ಕಾರಣಕ್ಕೆ ಬಸಿರಾಗು ಅಂತ ಯಾರಿಗೂ ಸಲಹೆ ಕೊಡಬೇಡಿ. ಬಸಿರಿನಲ್ಲಿ ನೋವು ಕಡಿಮೆಯಾದರೂ ಕಾಯಿಲೆ ಹೋಗುತ್ತದೆ ಅಂತ ಇಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ. ಬಸಿರಾಗುವುದಕ್ಕೇ ಅಡ್ಡ ಬರುವ ಕಾಯಿಲೆಗೆ ಬಸಿರನ್ನೇ ಮದ್ದು ಅಂತ ಬರೆದುಕೊಡುತ್ತೇವೆ. ಮದ್ದು ಸಿಗದಿದ್ದರೆ ‘ಇವಳ ದೋಷ’. ಮದುವೆಗೆ ಒಪ್ಪುವ ಹುಡುಗನಿಗೆ ಇದು ಗೊತ್ತಿರುತ್ತದಾ? ಅವನನ್ನೂ ಮಾತ್ರೆಯ ಹಾಗೆ ತರುವುದಲ್ವಾ ಇದು?

ಇನ್ನೊಂದು ಮಾತು ಮೊನ್ನೆ ಅಕ್ಕ ಹೇಳಿದ್ದು. “ಹಾರ್ಮೋನು ಮಾತ್ರೆ ಕೊಡ್ತಾರಂತೆ, ಮದುವೆಯಾಗದ ಹುಡುಗಿಗೆ ಅದೆಲ್ಲ ಕೊಟ್ರೆ ಮುಂದೆ ಮಕ್ಕಳಾಗುವುದಿಲ್ಲ.” ಇದು ಸುಳ್ಳು. ಡೈನೋಜೆಸ್ಟ್ ಥರದ ಮಾತ್ರೆ ತಿನ್ನುವಾಗ ಮೊಟ್ಟೆ ಬಿಡುವುದು, ಮುಟ್ಟು ಎರಡೂ ಸಾಮಾನ್ಯವಾಗಿ ನಿಲ್ಲುತ್ತದೆ, ನೋವು ಇಳಿಯುತ್ತದೆ. ಬಿಟ್ಟರೆ ಎಲ್ಲ ಮರಳಿ ಶುರು. ಬಸಿರಾಗುವ ಶಕ್ತಿಯನ್ನು ಅದು ಕಸಿದುಕೊಳ್ಳುವುದೂ ಇಲ್ಲ, ಹೆಚ್ಚಿಸುವುದೂ ಇಲ್ಲ. ನಾನೀಗ ಅದನ್ನೇ ತಿನ್ನುತ್ತಿದ್ದೇನೆ. ತೂಕ ಸ್ವಲ್ಪ ಏರಿದೆ, ಆಗಾಗ ತಲೆನೋವು. ಬಚ್ಚಲಿನ ನೆಲಕ್ಕಿಂತ ವಾಸಿ.

ಮತ್ತೆ, “ಅವಳ ಸ್ಕ್ಯಾನ್ ನಾರ್ಮಲ್ ಬಂದಿದೆ” ಅಂದಳು ಅಕ್ಕ. ನನ್ನದೂ ಬಂದಿತ್ತಲ್ಲ. ಸಿಸ್ಟ್ ಇದ್ದರೆ ಸಾಮಾನ್ಯವಾಗಿ ಸ್ಕ್ಯಾನಿನಲ್ಲಿ ಕಾಣುತ್ತದೆ, ಸಣ್ಣ ಸಣ್ಣ ಚುಕ್ಕೆಗಳು ಕಾಣದೇ ಇರಬಹುದು. ನೋವಿಗೂ ಕಾಯಿಲೆ ಹರಡಿದ್ದಕ್ಕೂ ತಾಳೆಯಾಗಲೇಬೇಕು ಅಂತಲೂ ಇಲ್ಲ. ಚುಕ್ಕೆಯಷ್ಟಿದ್ದು ಒದ್ದಾಡುವವರು ಇದ್ದಾರೆ, ಅಂಡಾಶಯ ಪೂರ್ತಿ ಹೋದರೂ ಗೊತ್ತಾಗದವರೂ ಇದ್ದಾರೆ. ಹುಡುಗಿಗೆ ಇದೇ ಇದೆ ಅಂತ ನಾನು ಹೇಳುತ್ತಿಲ್ಲ, ನಾನು ಡಾಕ್ಟರಲ್ಲ. ತಿಂಗಳಿಗೆ ಎರಡು ದಿನ ಕಾಲೇಜು ತಪ್ಪಿಸುವ ನೋವು ಸುಮ್ನೆ ಅಲ್ಲ ಅಂತ ಮಾತ್ರ ಹೇಳುತ್ತಿದ್ದೇನೆ.

ಇಷ್ಟು ಹೇಳಿದ್ದಕ್ಕೆ ಅಕ್ಕ ಎರಡು ದಿನ ಮಾತು ಬಿಟ್ಟಿದ್ದಳು. ನಿನ್ನೆ ಫೋನ್ ಮಾಡಿ “ಯಾವ ಡಾಕ್ಟ್ರು ಅಂತ ಹೇಳಿದ್ದು ನೀನು?” ಅಂದಳು. ಗುರುವಾರಕ್ಕೆ ಅಪಾಯಿಂಟ್‌ಮೆಂಟ್ ಸಿಕ್ಕಿದೆ. ಹುಡುಗಿ ಕೊನೆಯ ಆರು ತಿಂಗಳ ತಾರೀಕು, ಯಾವ ದಿನ ಎಲ್ಲಿ ನೋವು, ನೋವಿಗೆ ಎಷ್ಟು ಮೆಫ್ತಾಲ್ ಮಾತ್ರೆ ತಿಂದದ್ದು, ಎಲ್ಲ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದಾಳೆ. ಸಂಡಾಸಿನ ನೋವಿನ ಬಗ್ಗೆಯೂ ಬರೆ ಅಂದೆ. “ಇಶ್ಶಿ ಚಿಕ್ಕಮ್ಮ” ಅಂದಳು, ಆಮೇಲೆ ಬರೆದಳು.

ಬೆಳಗ್ಗಿನ ರೈಲಿಗೆ ಮೂವರೂ ಹೋಗುತ್ತೇವೆ. ಡಾಕ್ಟರ ಕೋಣೆಯೊಳಗೆ ಅವಳೊಬ್ಬಳೇ. ನಾನು ಹೊರಗೆ ಬೆಂಚಿನಲ್ಲಿ ಕೂರುವುದು, ಅಕ್ಕನ ಕೈ ಹಿಡಿದು ಅವಳನ್ನೂ ಕೂರಿಸಿಕೊಳ್ಳುವುದು.