ಚುಸೊಕ್ ಎಡೆಯಲ್ಲಿ ಎಣ್ಣೆ ತಿಂಡಿ ಬೇಡ, ಕಡುಬು ಇರಲಿ

ಕೊರಿಯಾದ ಸೀರಿಯಲ್ ನೋಡುವವರಿಗೆ ಚುಸೊಕ್ ಹಬ್ಬ ಅಂದ ಕೂಡಲೇ ಕಣ್ಣಿಗೆ ಬರುವುದು ಒಂದೇ ಚಿತ್ರ. ಹಬ್ಬದ ಹಿಂದಿನ ದಿನ ನೆಲದ ಮೇಲೆ ಕರೆಂಟಿನ ತವಾ ಇಟ್ಟುಕೊಂಡು ಮನೆಯ ಸೊಸೆಯಂದಿರು ಬೆಳಗಿನಿಂದ ಸಂಜೆವರೆಗೆ ಎಣ್ಣೆಯಲ್ಲಿ ಏನೋ ಬೇಯಿಸುತ್ತಿರುತ್ತಾರೆ. ಅದರ ಹೆಸರು 'ಜೊನ್'. ಮೀನಿನ ತುಂಡು, ಕುಂಬಳ ಜಾತಿಯ ಎಳೆಕಾಯಿ, ಹಂದಿಮಾಂಸ-ತೋಫು ಉಂಡೆ, ಎಲ್ಲವನ್ನೂ ಹಿಟ್ಟಿನಲ್ಲಿ ಹೊರಳಿಸಿ, ಮೊಟ್ಟೆಯಲ್ಲಿ ಅದ್ದಿ ಬೇಯಿಸುವುದು. ಇದಿಲ್ಲದಿದ್ದರೆ ಹಿರಿಯರಿಗೆ ಎಡೆಯೇ ಇಲ್ಲ ಅಂತ ಕೊರಿಯಾದಲ್ಲೇ ಬಹಳ ಮನೆಗಳು ನಂಬಿವೆ. ಆದರೆ ಅವರದೇ ಹಳೆಯ ಶಾಸ್ತ್ರ ಹಾಗೆ ಹೇಳುವುದಿಲ್ಲ. ಈ ತವಾವನ್ನು ಅಟ್ಟಕ್ಕೆ ಏರಿಸಿದರೆ ಸಂಪ್ರದಾಯ ಕೆಡುವುದಿಲ್ಲ ಅನ್ನುವುದೇ ನನ್ನ ವಾದ.

ಚುಸೊಕ್ ಬರುವುದು ಅವರ ಚಾಂದ್ರಮಾನದ ಎಂಟನೇ ತಿಂಗಳ ಹುಣ್ಣಿಮೆಗೆ. ಅಧಿಕಮಾಸದ ಲೆಕ್ಕ ಹೊಂದದ ವರ್ಷಗಳನ್ನು ಬಿಟ್ಟರೆ ಅದು ನಮ್ಮ ಭಾದ್ರಪದ ಹುಣ್ಣಿಮೆಯ ಆಸುಪಾಸೇ. 2023ರಲ್ಲಿ ಸೆಪ್ಟೆಂಬರ್ 29, 2024ರಲ್ಲಿ ಸೆಪ್ಟೆಂಬರ್ 17. ನಮ್ಮಲ್ಲಿ ಪಿತೃಪಕ್ಷ ಹಿಡಿಯುವ ಹೊತ್ತಿಗೆ ಅಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ಅದಕ್ಕೆ 'ಚಾರ್ಯೆ' ಅಂತ ಹೆಸರು. ಪದದಲ್ಲಿರುವ 'ಚಾ' ನಮ್ಮ ಚಹಾನೇ. ಚಹಾ ಇಟ್ಟು ಮಾಡುವ ಉಪಚಾರ, ಅಷ್ಟೇ.

ಇಲ್ಲೇ ಗೊಂದಲ ಶುರುವಾಗುವುದು. ಸತ್ತ ತಿಥಿಯ ರಾತ್ರಿ ಮಾಡುವ 'ಜೇಸಾ' ಬೇರೆ, ಹಬ್ಬದ ಬೆಳಿಗ್ಗೆ ಮಾಡುವ ಚಾರ್ಯೆ ಬೇರೆ. ಜೇಸಾದಲ್ಲಿ ಮೂರು ಸಲ ಮದ್ಯ ಅರ್ಪಿಸಿ, ಬರೆದಿಟ್ಟ ಪ್ರಾರ್ಥನೆ ಓದುತ್ತಾರೆ. ಚಾರ್ಯೆಯಲ್ಲಿ ಓದುವುದೇ ಇಲ್ಲ, ಮದ್ಯವೂ ಒಂದೇ ಸಲ. ಊದುಬತ್ತಿ ಹಚ್ಚಿ, ಮರಳಿಟ್ಟ ಬಟ್ಟಲಿಗೆ ಮೂರು ಸಲ ಸ್ವಲ್ಪ ಸ್ವಲ್ಪ ಮದ್ಯ ಸುರಿದು ಹಿರಿಯರನ್ನು ಕರೆಯುವುದು. ಎಲ್ಲರೂ ಎರಡು ಸಲ ಅಡ್ಡಬೀಳುವುದು. ಬಟ್ಟಲಲ್ಲಿ ಮದ್ಯ ಇಡುವುದು. ತಿಂಡಿಯ ಮೇಲೆ ಚಾಪ್‌ಸ್ಟಿಕ್ ಇಟ್ಟು, ಅವರು ಉಣ್ಣುವಷ್ಟು ಹೊತ್ತು ಸುಮ್ಮನೆ ನಿಲ್ಲುವುದು. ಮತ್ತೆ ಎರಡು ಸಲ ಅಡ್ಡಬಿದ್ದು ಬೀಳ್ಕೊಟ್ಟು, ಹಿರಿಯರ ಹೆಸರು ಬರೆದ ಕಾಗದ ಸುಡುವುದು. ಆಮೇಲೆ ಮನೆಮಂದಿ ಕೂತು ಅದನ್ನೇ ಉಣ್ಣುವುದು. ಇಷ್ಟು ಸರಳ ವಿಧಿಯ ಮೇಲೆ ಜೇಸಾದ, ಐದು ಸಾಲಾಗಿ ಬಡಿಸುವ ಮೇಜನ್ನು ತಂದು ಹೇರಿದ್ದರಿಂದಲೇ ಹೆಂಗಸರ ಸೊಂಟ ಮುರಿಯುವುದು.

ಆ ಐದು ಸಾಲಿಗೆ ಬಾಯಿಪಾಠದ ಸೂತ್ರಗಳಿವೆ. ಮೀನು ಪೂರ್ವಕ್ಕೆ, ಮಾಂಸ ಪಶ್ಚಿಮಕ್ಕೆ. ಮೀನಿನ ತಲೆ ಪೂರ್ವಕ್ಕೆ, ಬಾಲ ಪಶ್ಚಿಮಕ್ಕೆ. ಕೊನೆಯ ಸಾಲಿನ ಹಣ್ಣಿಗೆ ಎರಡು ಸೂತ್ರ. 'ಹೊಂಗ್‌ಡೊಂಗ್‌ಬೆಕ್‌ಸೊ' ಪ್ರಕಾರ ಕೆಂಪು ಹಣ್ಣು ಪೂರ್ವಕ್ಕೆ, ಬಿಳಿಯದು ಪಶ್ಚಿಮಕ್ಕೆ. 'ಜೊಯುಲಿಸಿ' ಪ್ರಕಾರ ಪಶ್ಚಿಮದಿಂದ ಸಾಲಾಗಿ ಬೋರೆ ಜಾತಿಯ ಕೆಂಪು ಹಣ್ಣು, ಚೆಸ್ಟ್‌ನಟ್, ಪೇರ್, ಪರ್ಸಿಮನ್. ಈಗ ಎರಡನ್ನೂ ಒಟ್ಟಿಗೆ ಪಾಲಿಸಿ ನೋಡಿ. ಒಂದು ಸೂತ್ರ ಪೂರ್ವಕ್ಕೆ ಕಳಿಸುವ ಆ ಕೆಂಪು ಹಣ್ಣನ್ನು ಇನ್ನೊಂದು ಪಶ್ಚಿಮದ ತುದಿಯಲ್ಲೇ ಕೂರಿಸುತ್ತದೆ! ಇದಕ್ಕಾಗಿ ಅಣ್ಣತಮ್ಮಂದಿರು ಜಗಳವಾಡುತ್ತಾರೆ. ಕನ್ಫ್ಯೂಷಿಯಸ್ ಪರಂಪರೆಯ ದೊಡ್ಡ ಪೀಠ ಸೊಂಗ್‌ಗ್ಯುನ್‌ಗ್ವಾನ್ 2022ರ ಸೆಪ್ಟೆಂಬರ್‌ನಲ್ಲಿ, ಚುಸೊಕ್‌ಗೆ ಕೆಲವೇ ದಿನ ಮೊದಲು, ಈ ಎರಡೂ ಸೂತ್ರ ವಿಧಿಗ್ರಂಥಗಳಲ್ಲಿ ಇಲ್ಲವೇ ಇಲ್ಲ ಅಂತ ಸ್ಪಷ್ಟವಾಗಿ ಹೇಳಿತು. ಹಣ್ಣನ್ನು ಅನುಕೂಲವಿದ್ದ ಹಾಗೆ ಇಡಿ ಅಂದಿತು.

ಅದೇ ದಿನ ಅವರು ಕೊಟ್ಟ ಮಾದರಿ ಎಡೆಯಲ್ಲಿ ಮೂಲ ಪದಾರ್ಥ ಆರೇ: ಸೊಂಗ್‌ಪ್ಯೊನ್ ಅನ್ನುವ ಅಕ್ಕಿ ಕಡುಬು, ಸೊಪ್ಪು-ತರಕಾರಿಯ ಪಲ್ಯ, ಸುಟ್ಟ ಮಾಂಸ, ಕಿಮ್ಚಿ, ಹಣ್ಣು, ಮದ್ಯ. ಮನಸ್ಸಿದ್ದವರು ಮಾಂಸ, ಮೀನು, ಇನ್ನೊಂದು ಅಕ್ಕಿ ತಿಂಡಿ ಸೇರಿಸಿ ಒಂಬತ್ತಕ್ಕೆ ನಿಲ್ಲಿಸಬಹುದು. ಎಣ್ಣೆಯಲ್ಲಿ ಮಾಡಿದ್ದು ಕಡ್ಡಾಯವಲ್ಲ. ಅದಕ್ಕೆ ಆಧಾರವಾಗಿ ಜೋಸೊನ್ ರಾಜವಂಶದ ಕಾಲದ ವಿಧಿಪಂಡಿತ ಕಿಮ್ ಜಾಂಗ್-ಸೆಂಗ್ (1548–1631) ಬರೆದದ್ದನ್ನೇ ಮುಂದಿಟ್ಟರು. ಎಣ್ಣೆಪದಾರ್ಥ ಎಡೆಗೆ ತಕ್ಕದ್ದಲ್ಲ ಅಂತ ಅವರು ಆಗಲೇ ಬರೆದಿದ್ದರು. ಹೆಸರು ಬರೆದ ಕಾಗದದ ಬದಲು ಫೋಟೋ ಇಟ್ಟರೂ ಸರಿ ಅಂತಲೂ ಪೀಠ ಹೇಳಿತು.

ಇನ್ನೂ ಬೇಕೇ? ಸಾವಿರ ವಾನ್ ನೋಟಿನ ಮೇಲಿರುವ ಪಂಡಿತ ತೇಗ್ಯೆ ಯಿ ಹ್ವಾಂಗ್ ಅವರ ಆಂಡೊಂಗ್ ಮನೆತನವನ್ನೇ ನೋಡಿ. ಎಣ್ಣೆ-ಜೇನಿನ ತಿಂಡಿ ನನ್ನ ಎಡೆಗೆ ಇಡಬೇಡಿ ಅಂತ ಅವರೇ ಹೇಳಿಹೋದ ಮಾತನ್ನು ಆ ಮನೆಯವರು ಉಳಿಸಿಕೊಂಡಿದ್ದಾರೆ. ಹೊಸ ವರ್ಷದ ಚಾರ್ಯೆಗೆ ಅಲ್ಲಿ ಇಡುವುದು ಮದ್ಯ, ಅಕ್ಕಿಬಿಲ್ಲೆಯ ಸೂಪು, ಒಣಮೀನು, ಒಂದು ತಟ್ಟೆ ಹಣ್ಣು; ಜೊನ್ ಇದ್ದರೂ ಒಂದೇ ತಟ್ಟೆ. ಶಾಸ್ತ್ರ ಬಲ್ಲ ಮನೆಯ ಮೇಜೇ ಇಷ್ಟು ಚಿಕ್ಕದು. ಎಷ್ಟು ತಲೆಮಾರಿಗೆ ಎಡೆ ಅನ್ನುವುದೂ ಹಾಗೆಯೇ. 1485ರ ರಾಜ್ಯಶಾಸನ 'ಗ್ಯೊಂಗ್‌ಗುಕ್ ದೇಜೊನ್' ಆರನೇ ದರ್ಜೆ ಮತ್ತು ಅದಕ್ಕಿಂತ ಮೇಲಿನ ಅಧಿಕಾರಿಗೆ ಮೂರು ತಲೆಮಾರು, ಅದಕ್ಕಿಂತ ಕೆಳಗಿನವರಿಗೆ ಎರಡು, ಸಾಮಾನ್ಯರಿಗೆ ತಂದೆತಾಯಿ ಮಾತ್ರ ಅಂತ ಗೆರೆ ಎಳೆದಿತ್ತು. ನಾಲ್ಕು ತಲೆಮಾರಿಗೆ ಬಡಿಸುವುದು ಎಲ್ಲ ಮನೆಯ ಕರ್ತವ್ಯ ಅನ್ನುವುದು ಆಮೇಲೆ ಬೆಳೆದ ಮಾತು.

ನನಗೆ ಎಲ್ಲಕ್ಕಿಂತ ನೋವಾಗುವ ಸಂಗತಿ ಬೇರೆ. ಅಡುಗೆ ಪೂರ್ತಿ ಹೆಂಗಸರದು, ಅಡ್ಡಬೀಳುವಾಗ ಮುಂದೆ ನಿಲ್ಲುವವರು ಗಂಡಸರು. ಬಹಳ ಮನೆಗಳಲ್ಲಿ ಸೊಸೆ ಅಡುಗೆಮನೆಯ ಬಾಗಿಲಲ್ಲೇ ಉಳಿಯುತ್ತಾಳೆ. ಆದರೆ ಅವರು ಪ್ರಮಾಣವೆಂದು ಹಿಡಿದಿರುವ ಚೀನಾದ ಪಂಡಿತ ಝೂ ಶಿಯ ಗೃಹವಿಧಿಯಲ್ಲಿ ಜೇಸಾದ ಎರಡನೇ ಅರ್ಪಣೆ ವಿಧಿ ನಡೆಸುವ ಯಜಮಾನನ ಹೆಂಡತಿಯದು! ಚುಸೊಕ್‌ನ ಹುಟ್ಟಿನ ಕತೆಯೂ ಹೆಂಗಸರದ್ದೇ. 1145ರ ಚರಿತ್ರೆ 'ಸಮ್‌ಗುಕ್ ಸಾಗಿ' ಪ್ರಕಾರ ಸಿಲ್ಲಾದ ಯೂರಿ ರಾಜ ಕ್ರಿ.ಶ. 32ರಲ್ಲಿ ರಾಜಧಾನಿಯ ಹೆಂಗಸರನ್ನು ಎರಡು ಗುಂಪು ಮಾಡಿ ತಿಂಗಳಿಡೀ ನೇಯ್ಗೆಯ ಪಂದ್ಯ ನಡೆಸಿದ. ಎಂಟನೇ ತಿಂಗಳ ಹುಣ್ಣಿಮೆಯಂದು ಸೋತವರು ಗೆದ್ದವರಿಗೆ ಊಟ ಹಾಕಿದರು, ಎಲ್ಲರೂ ಕೂಡಿ ಹಾಡಿ ಕುಣಿದರು. ಕರೆಂಟಿನ ತವಾ ಆ ಕತೆಯಲ್ಲಿ ಎಲ್ಲಿದೆ?

ಹಾಗಾದರೆ ಉಳಿಸಿಕೊಳ್ಳಬೇಕಾದ್ದು ಯಾವುದು? ಸೊಂಗ್‌ಪ್ಯೊನ್, ಅದೂ ಎಲ್ಲರೂ ಸುತ್ತ ಕೂತು ಮಾಡುವ ಸೊಂಗ್‌ಪ್ಯೊನ್. ಗೌರಿಗಣೇಶಕ್ಕೆ ಕಡುಬು ಮಾಡಿದ ಕೈಗೆ ಇದು ಹತ್ತಿರದ ನೆಂಟ. ಅಂಟಕ್ಕಿ ಬೇಡ, ಅಲ್ಲಿನ ದಿನಬಳಕೆಯ ಗಿಡ್ಡಕಾಳಿನ ಅಕ್ಕಿ ಬೇಕು. ಒಂದು ಕಿಲೋ ಅಕ್ಕಿಯನ್ನು ರಾತ್ರಿಯಿಡೀ ನೆನೆಸಿ, ನೀರು ಸೋಸಿ, 10–12 ಗ್ರಾಂ ಉಪ್ಪು ಹಾಕಿ, ಹಸಿಯಾಗಿದ್ದಾಗಲೇ ಬೀಸಿ ಜರಡಿ ಹಿಡಿಯಬೇಕು. ಹಿಟ್ಟಿಗೆ ಕುದಿಯುವ ನೀರನ್ನೇ ಚಮಚ ಚಮಚವಾಗಿ ಹಾಕಿ ಕಲಸುವುದು. ತಣ್ಣೀರಿನಲ್ಲಿ ಕಲಸಿದರೆ ಅಕ್ಕಿಗೆ ಅಂಟು ಬರುವುದಿಲ್ಲ, ಮಡಿಚುವಾಗಲೇ ಅಂಚು ಸೀಳುತ್ತದೆ. ಕಿವಿಯ ಹಾಲೆಯಷ್ಟು ಮೆತ್ತಗಾಗುವ ತನಕ ನಾದಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಬೇಕು. ಬೆಂಗಳೂರಲ್ಲಿ ಪ್ಯಾಕೆಟ್ಟಿನ ಒಣಹಿಟ್ಟಿನಲ್ಲಿ ಮಾಡುವವರಿಗೆ ನೀರು ಬಹಳ ಜಾಸ್ತಿ ಹಿಡಿಯುತ್ತದೆ, ಸೋನಾಮಸೂರಿಯದು ಆರಿದ ಮೇಲೆ ಬೇಗ ಬಿರಿಯುತ್ತದೆ.

ಹೂರಣಕ್ಕೆ ಹುರಿದ ಎಳ್ಳನ್ನು ಅರೆಬರೆ ಕುಟ್ಟಿ, ಸಕ್ಕರೆ, ಚಿಟಿಕೆ ಉಪ್ಪು, ಬೇಕಾದರೆ ಚೂರು ಜೇನು. ಜೇನು ಜಾಸ್ತಿಯಾದರೆ ಹಬೆಯಲ್ಲಿ ಕರಗಿ ಹೊರಗೆ ಸೋರುತ್ತದೆ. ನಿಂಬೆಗಿಂತ ಚಿಕ್ಕ ಉಂಡೆ ತಗೊಂಡು ಹೆಬ್ಬೆರಳಿನಿಂದ ಗುಳಿ ಮಾಡಿ, ಹೂರಣ ತುಂಬಿ ಬಾಯಿ ಮುಚ್ಚಿದ ಮೇಲೆ ಮುಷ್ಟಿಯಲ್ಲಿ ನಾಲ್ಕೈದು ಸಲ ಬಿಗಿಯಾಗಿ ಅಮುಕಬೇಕು. ಇದನ್ನು ಬಿಟ್ಟವರ ಕಡುಬೇ ಒಡೆಯುವುದು. ಒಳಗೆ ಉಳಿದ ಗಾಳಿ ಕಾದು ಹಿಗ್ಗಿ ಹೊಟ್ಟೆ ಸೀಳುತ್ತದೆ. ಅಮುಕಿದ ಮೇಲೆ ಅರ್ಧಚಂದ್ರದ ಆಕಾರ ಕೊಡುವುದು.

ಹಬೆಪಾತ್ರೆಯಲ್ಲಿ ಪೈನ್ ಮರದ ಸೂಜಿ ಎಲೆ ಹಾಸಿ, ಒಂದಕ್ಕೊಂದು ತಾಗದ ಹಾಗೆ ಇಟ್ಟು, 20 ನಿಮಿಷ ಬೇಯಿಸಬೇಕು. ಸೊಂಗ್ ಅಂದರೆ ಪೈನ್, ಹೆಸರೇ ಅದರಿಂದ ಬಂದದ್ದು. ಎಲೆಯನ್ನು ದಾರಿಬದಿಯ ಮರದಿಂದ ಕೀಳಬಾರದು. ಪೈನ್ ಒಣಗುವ ರೋಗಕ್ಕೆ ಕಾಂಡಕ್ಕೇ ಕೀಟನಾಶಕ ಚುಚ್ಚಿರುತ್ತಾರೆ, ಅದು ಎಲೆಗೂ ಏರಿರುತ್ತದೆ. ಬೆಂದ ಕೂಡಲೇ ತಣ್ಣೀರಿನಲ್ಲಿ ಸರ್ರನೆ ತೊಳೆದರೆ ಎಲೆ ಬಿಡುತ್ತದೆ, ಮೈ ಬಿಗಿಯಾಗುತ್ತದೆ. ನೀರು ಬಸಿದು, ಹುರಿದ ಎಳ್ಳಿನ ಎಣ್ಣೆ ಸವರುವುದು. ನಮ್ಮ ಗಾಣದ ಎಳ್ಳೆಣ್ಣೆಗೆ ಆ ಘಮ ಇರುವುದಿಲ್ಲ.

ಈ ಕೆಲಸಕ್ಕೆ ಗಂಡಸರೂ ಮಕ್ಕಳೂ ಕೂರಲಿ. ಒಬ್ಬರು ನಾದಿ, ಒಬ್ಬರು ತುಂಬಿ, ಒಬ್ಬರು ಅಮುಕಿದರೆ ಒಂದು ಕಿಲೋ ಅಕ್ಕಿಯ ಕಡುಬು ಹರಟೆಯಲ್ಲೇ ಮುಗಿಯುತ್ತದೆ. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟರೆ ಮಾರನೇ ದಿನ ಕಲ್ಲಾಗುತ್ತದೆ. ಆವತ್ತೇ ಫ್ರೀಜರಿಗೆ ಹಾಕಿ, ಬೇಕಾದಾಗ ಕರಗಿಸದೆ ಹಾಗೇ ಹಬೆಗೆ ಇಡಿ.